ಒಂದು ಹಲ್ಲು ಹಿಂದೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಇಲ್ಲ ಎಂದು ವಾದಿಸುವಾಗಲೂ ಕೂಗಿಯೇ ವಾದಿಸುತ್ತೇನಂತೆ. ಇರಲಿ. ಆದರೆ ಆ ದಿನ ನಾನು ಪೇಟಿ ಅಜ್ಜನಿಗೆ ಅಂದ ಮಾತು ಕೋಪಕ್ಕೆ ಅಂದದ್ದಲ್ಲ. ಕೋಪಕ್ಕೆ ಅಂದಿದ್ದರೆ ಸಂಜೆಗೆ ಮರೆತುಹೋಗುತ್ತಿತ್ತು. ನನ್ನ ತಪ್ಪು ಮುಚ್ಚಿಕೊಳ್ಳಲು ಅಂದದ್ದು. ಎರಡು ವರ್ಷವಾಯಿತು, ಇನ್ನೂ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ.

ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಬದಿಯಲ್ಲಿ ನನ್ನದೊಂದು ಗ್ಯಾರೇಜು. ಮೇಲೆ ತಗಡು, ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಗಿರಾಕಿಗಳು ಕೂಡಲು ಯಾವುದೋ ವ್ಯಾನಿನಿಂದ ಕಳಚಿದ ಸೀಟು. ಹೊಸ ಗಾಡಿಗಳು ಕಂಪನಿಯ ಸರ್ವಿಸ್‌ಗೆ ಹೋಗುತ್ತವೆ, ಅಲ್ಲಿ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ. ನನ್ನ ಹತ್ತಿರ ಬರುವುದು ಕಾರ್ಬುರೇಟರಿನ ಹಳೆಯ ಗಾಡಿಗಳು, ಮಾರಲು ಮನಸ್ಸು ಬಾರದವರವು. ಅವುಗಳ ಟೈಮಿಂಗನ್ನು ನಾನು ಕಿವಿಯಿಂದ ಇಡುತ್ತೇನೆ. ಟೈಮಿಂಗ್ ಲೈಟು ನನ್ನಲ್ಲೂ ಒಂದಿದೆ. ಜನ ನೋಡಲಿ ಎಂದು ಗೋಡೆಗೆ ನೇತುಹಾಕಿದ್ದೇನೆ.

ಕಿವಿಯಿಂದ ಇಡುವುದು ಎಂದರೆ ಮಂತ್ರವೇನಲ್ಲ. ಪ್ಲಗ್ಗಿನಲ್ಲಿ ಕಿಡಿ ತಡವಾಗಿ ಹಾರಿದರೆ ಎಂಜಿನ್ನಿನ ದನಿ ಗುಮ್ಮೆನ್ನುತ್ತದೆ, ಸದ್ದೆಲ್ಲ ಹಿಂದಕ್ಕೆ ಹೋಗಿ ಸೈಲೆನ್ಸರಿನಿಂದ ಬೊಗ್ ಬೊಗ್ ಎಂದು ಬರುತ್ತದೆ, ಎಕ್ಸಲೇಟರ್ ಒತ್ತಿದರೆ ಒಂದು ಗಳಿಗೆ ಯೋಚಿಸಿ ಆಮೇಲೆ ಏಳುತ್ತದೆ. ಬೇಗ ಹಾರಿದರೆ ದನಿ ಚುರುಕು, ಕೇಳಲು ಹಿತ. ಆದರೆ ಏರು ಹತ್ತುವಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಟಣಟಣ ಎನ್ನುತ್ತದೆ. ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವುದು ಡಿಸ್ಟ್ರಿಬ್ಯೂಟರ್. ಅದರ ಬೋಲ್ಟು ಸಡಿಲಿಸಿ, ಕೈಯಿಂದ ಕೂದಲೆಳೆಯಷ್ಟು ಅತ್ತ ಇತ್ತ ತಿರುಗಿಸುತ್ತಾ, ಇವೆರಡೂ ಸದ್ದಿನ ನಡುವೆ ಒಂದು ಜಾಗ ಹುಡುಕಬೇಕು. ಸಿಕ್ಕಾಗ ಗೊತ್ತಾಗುತ್ತದೆ. ಎಂಜಿನ್ನು ತನ್ನಷ್ಟಕ್ಕೆ ತಾನು ಒಂದೇ ಹದಕ್ಕೆ ನಿಂತು ಓಡುತ್ತದೆ.

ಕಿಡಿಯ ತಪ್ಪು ಹೀಗೆ ಯಾರಿಗಾದರೂ ಕೇಳಿಸುತ್ತದೆ. ವಾಲ್ವಿನದು ಹಾಗಲ್ಲ. ವಾಲ್ವು ಎಂದರೆ ಎಂಜಿನ್ನಿನ ಬಾಗಿಲು. ಗಾಳಿ ಪೆಟ್ರೋಲು ಒಳಗೆ ಬರಲು ಒಂದು, ಹೊಗೆ ಹೊರಗೆ ಹೋಗಲು ಒಂದು. ಒಳಬಾಗಿಲು ಮುಚ್ಚುವುದು ತಡವಾದರೆ ಎಳೆದುಕೊಂಡ ಉಸಿರಿನಲ್ಲಿ ಒಂದಿಷ್ಟು ಬಂದ ದಾರಿಯಲ್ಲೇ ವಾಪಸ್ಸಾಗುತ್ತದೆ. ಗಾಡಿ ಓಡುತ್ತದೆ, ನಿಲ್ಲುವುದಿಲ್ಲ. ಪೆಟ್ಟಿನ ಗಟ್ಟಿತನ ಮಾತ್ರ ಕಡಿಮೆಯಾಗಿ, ಕಾರ್ಬುರೇಟರಿನ ಬಾಯಲ್ಲಿ ಸಣ್ಣಗೆ ಹುಸ್ ಎನ್ನುತ್ತದೆ. ಫ್ಯಾನಿನ ಸದ್ದಿನಲ್ಲಿ ಅದು ಮುಚ್ಚಿಹೋಗುತ್ತದೆ. ಹತ್ತು ಮೆಕ್ಯಾನಿಕ್ಕರಲ್ಲಿ ಎಂಟು ಜನಕ್ಕೆ ಕೇಳಿಸುವುದಿಲ್ಲ. ನನಗೆ ಕೇಳಿಸುತ್ತದೆ ಎಂದು ಹೇಳಿಕೊಂಡು ತಿರುಗುತ್ತಿದ್ದವನು ನಾನು.

ಪೇಟಿ ಅಜ್ಜ ಹರಿಹರದವರು. ನಮ್ಮ ಕಡೆ ಹಾರ್ಮೋನಿಯಮ್ಮಿಗೆ ಪೇಟಿ ಎನ್ನುತ್ತಾರೆ. ಸುತ್ತಲಿನ ಹಳ್ಳಿಗಳ ಭಜನಾ ಮಂಡಳಿಯವರ ಪೇಟಿಗಳೆಲ್ಲ ರಿಪೇರಿಗೆ ಅವರ ಮನೆಗೇ ಬರುತ್ತಿದ್ದವು. ತಿದಿಗೆ ಚರ್ಮ ಹಾಕುವುದು, ಬೆರಳೊತ್ತುವ ಮನೆಗಳನ್ನು ಸರಿಮಾಡುವುದು ಯಾರು ಬೇಕಾದರೂ ಮಾಡಿಯಾರು. ಅಜ್ಜನ ಕೆಲಸ ಸ್ವರ ಕೂಡಿಸುವುದು. ಪೇಟಿಯೊಳಗೆ ಪ್ರತಿ ಸ್ವರಕ್ಕೂ ಒಂದು ಹಿತ್ತಾಳೆಯ ನಾಲಗೆ ಇರುತ್ತದೆ, ರೀಡು ಎನ್ನುತ್ತಾರೆ. ಅದರ ತುದಿಯನ್ನು ಅರದಿಂದ ಒಂದು ಎಳೆ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಎಷ್ಟು ಕೆರೆಯಬೇಕು ಎಂದು ಹೇಳುವುದು ಕಿವಿಯೊಂದೇ. ಕೆರೆದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಅವರ ಮಗ ಕರೂರಿನ ಒಂದು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾನೆ. ದಿನಾ ಹರಿಹರದಿಂದ ತನ್ನ ಮೂರು ಸಿಲಿಂಡರಿನ ಹಳೇ ಕಾರಿನಲ್ಲಿ ಬರುತ್ತಾನೆ. ಆ ಕಾರಿನ ಟೈಮಿಂಗ್ ಬೆಲ್ಟು ಹಳತಾಗಿತ್ತು. ಬೆಳಿಗ್ಗೆ ಗಾಡಿ ಬಿಟ್ಟು ಡ್ಯೂಟಿಗೆ ಹೋದ. ಮರುದಿನ ಅಮಾವಾಸ್ಯೆ, ಮನೆಮಂದಿಯೆಲ್ಲ ಉಕ್ಕಡಗಾತ್ರಿಯ ದೇವಸ್ಥಾನಕ್ಕೆ ಹೋಗುವವರು, ಸಂಜೆಗೆ ಗಾಡಿ ಬೇಕೇ ಬೇಕು ಎಂದಿದ್ದ. ಆತು ಬಿಡು ಎಂದಿದ್ದೆ.

ಟೈಮಿಂಗ್ ಬೆಲ್ಟೆಂದರೆ ಹಲ್ಲಿರುವ ರಬ್ಬರಿನ ಪಟ್ಟಿ. ಕೆಳಗೆ ಪಿಸ್ಟನ್ ಆಡಿಸುವ ಗಾಲಿ, ಮೇಲೆ ವಾಲ್ವು ತೆರೆಯುವ ಗಾಲಿ, ಎರಡನ್ನೂ ಅದು ಜೊತೆಯಾಗಿ ತಿರುಗಿಸುತ್ತದೆ. ಎರಡು ಗಾಲಿಗೂ ಗುರುತುಗಳಿವೆ. ಗುರುತಿಗೆ ಗುರುತು ಕೂಡಿಸಿ ಬೆಲ್ಟು ಏರಿಸಬೇಕು. ಬಿಗಿಮಾಡುವಾಗ ಒಳಗಿನ ಸ್ಪ್ರಿಂಗು ಒತ್ತಿ ಮೇಲಿನ ಗಾಲಿ ಒಂದು ಹಲ್ಲು ಹಿಂದಕ್ಕೆ ಜಾರುವುದುಂಟು. ಅದಕ್ಕೇ ಬಿಗಿ ಮಾಡಿದ ಮೇಲೆ ಎಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ನೋಡಬೇಕು. ಕಲಿಯುವವನಿಗೆ ಮೊದಲ ದಿನ ಹೇಳಿಕೊಡುವ ಪಾಠ ಇದು. ಅವತ್ತು ನಾನು ಬಿಗಿ ಮಾಡುತ್ತಿದ್ದ ಹೊತ್ತಿಗೆ ಸ್ಪೇರ್ ಅಂಗಡಿಯವನ ಫೋನು ಬಂತು. ಬೇರೆ ಗಾಡಿಯ ಸಾಮಾನು ತಪ್ಪು ಕಳಿಸಿದ್ದ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಇಟ್ಟುಕೊಂಡು ಅವನ ಜೊತೆ ಜಗಳ ಮಾಡುತ್ತಲೇ ಬೋಲ್ಟು ಕಟ್ಟಿದೆ, ಕವರು ಮುಚ್ಚಿದೆ. ಎರಡು ಸುತ್ತು ತಿರುಗಿಸಲಿಲ್ಲ.

ಚಾಲೂ ಮಾಡಿದರೆ ಗುಮ್ಮ್ ಎಂದಿತು. ಆ ಗಾಡಿಯಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಮೇಲಿನ ಗಾಲಿಯೇ. ಅದು ಹಿಂದೆ ಬಿದ್ದರೆ ವಾಲ್ವಿನ ಜೊತೆ ಕಿಡಿಯೂ ತಡವಾಗುತ್ತದೆ. ಇದೆಲ್ಲ ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಕೈ ಡಿಸ್ಟ್ರಿಬ್ಯೂಟರಿನ ಕಡೆಗೇ ಹೋಯಿತು. ತಿರುಗಿಸಿದೆ, ದನಿ ಏಳಲಿಲ್ಲ. ಇನ್ನೂ ತಿರುಗಿಸಿದೆ. ಬೋಲ್ಟು ತಾನು ಓಡಾಡುವ ಸೀಳಿನ ಕೊನೆ ಮುಟ್ಟಿತು, ಆಗ ಕಿಡಿ ಸರಿಗೆ ಬಂತು, ಗುಮ್ಮೆನ್ನುವುದು ನಿಂತಿತು. ಅಷ್ಟು ವರ್ಷ ಆ ಬೋಲ್ಟು ಸೀಳಿನ ನಡುವೆ ಕೂತಿತ್ತು. ಅಲ್ಲಿ ವಾಷರಿನ ಗುಂಡನೆಯ ಹೊಳಪು ಹಾಗೇ ಕಾಣುತ್ತಿತ್ತು. ಆ ಹೊಳಪನ್ನು ನೋಡಿದೆ. ನೋಡಿ, ಕೊನೆಯಲ್ಲೇ ಬೋಲ್ಟು ಬಿಗಿದೆ. ಬಿಚ್ಚಿದರೆ ಮತ್ತೆ ಎರಡು ತಾಸು, ಸಂಜೆಗೆ ಗಾಡಿ ಕೊಡಲು ಆಗುವುದಿಲ್ಲ, ಜೊತೆಗೆ ಬೇವಿನ ಮರದ ಕೆಳಗೆ ನಾಲ್ಕು ಜನ ಗಿರಾಕಿಗಳು ನೋಡುತ್ತಾ ಕೂತಿದ್ದರು.

ಆ ನಾಲ್ವರ ಪಕ್ಕದಲ್ಲಿ ಅಜ್ಜ ಬಂದು ಕೂತಿದ್ದನ್ನು ನಾನು ಗಮನಿಸಿರಲಿಲ್ಲ. ತಿದಿಗೆ ಚರ್ಮ ತರಲು ದಾವಣಗೆರೆ ಪೇಟೆಗೆ ಬಂದವರು, ಮಗನ ಜೊತೆ ಕಾರಿನಲ್ಲೇ ಹೋದರಾಯಿತು ಎಂದು ಇಲ್ಲಿಗೆ ಬಂದಿದ್ದರು. ಮಗನೂ ಡ್ಯೂಟಿ ಮುಗಿಸಿ ಬಂದ. ನಾನು ಗತ್ತಿನಿಂದ ಎಂಜಿನ್ನು ಚಾಲೂ ಮಾಡಿ ತೋರಿಸಿದೆ. ಅಜ್ಜ ಎದ್ದು ಬಂದು ಬಾನೆಟ್ಟಿನ ಹತ್ತಿರ ನಿಂತು, ಕಣ್ಣು ಮುಚ್ಚಿದರು.

"ತಮ್ಮಾ, ಇದು ಮೊದಲಿನಂಗ ಇಲ್ಲಲ್ಲಪ್ಪ" ಎಂದರು.

"ಹೊಸ ಬೆಲ್ಟು ಅಜ್ಜಾರ. ಎರಡು ದಿನ ಓಡಿದ್ರ ಸೆಟ್ ಆಕೈತೆ."

"ಬೆಲ್ಟಿಂದಲ್ಲ. ಬಡಿತ ಸರಿ ಐತೆ, ಉಸಿರು ಹಿಂದ ಬಿದ್ದೈತೆ. ತಗಂಡಿದ್ದು ಒಂದೀಟು ಹೊಳ್ಳಿ ಹೋಗ್ತೈತೆ ನೋಡು."

ಸ್ಪ್ಯಾನರು ಹಿಡಿಯದ ಮುದುಕ, ಒಳಗೆ ಆಗಿರುವುದನ್ನು ಬಿಚ್ಚಿ ನೋಡಿದವರ ಹಾಗೆ ಹೇಳಿಬಿಟ್ಟಿದ್ದರು. ಹೌದ್ರಿ ಅಜ್ಜಾರ, ಒಂದು ಹಲ್ಲು ತಪ್ಪಿರಬೇಕು, ಬಿಚ್ಚಿ ನೋಡ್ತೀನಿ ಎಂದಿದ್ದರೆ ಮುಗಿಯುತ್ತಿತ್ತು. ಹೆಚ್ಚೆಂದರೆ ನಾಲ್ಕು ಜನ ನಗುತ್ತಿದ್ದರು. ಅದರ ಬದಲು ನಾನು ಆ ನಾಲ್ಕು ಜನರ ಕಡೆ ತಿರುಗಿ ಅಂದೆ: "ಎಂಜಿನ್ನು ಸರಿ ಐತ್ರಿ ಅಜ್ಜಾರ. ಕೆಟ್ಟಿರೋದು ನಿಮ್ ಕಿವಿ. ಮೊದ್ಲು ಅದನ್ನ ತೋರಿಸ್ಕಳ್ರಿ."

ನಕ್ಕರು. ಮಗನೂ ನಗುತ್ತಾ, "ಹೌದು ಬಿಡಣ್ಣ, ಮನ್ಯಾಗೂ ಟೀವಿ ಭಾಳ ಜೋರು ಇರ್ತೈತೆ" ಎಂದ. ಅಜ್ಜ ನನ್ನ ಮುಖ ನೋಡಿದರು. ಆಮೇಲೆ "ಇದ್ರೂ ಇರಬೌದಪ್ಪ" ಎಂದು ಹೋಗಿ ಮುಂದಿನ ಸೀಟಿನಲ್ಲಿ ಕೂತರು. ಗಾಡಿ ಹರಿಹರದ ಕಡೆ ಹೊರಟಿತು. ಅದು ಹೋಗುವಾಗ ನನಗೂ ಆ ಹುಸ್ ಎನ್ನುವುದು ಕೇಳಿಸಿತು. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಕೇಳಿಸಿತು.

ಒಂದು ತಿಂಗಳಾದ ಮೇಲೆ ಮಗ ಬಂದು ಪಿಕಪ್ ಇಲ್ಲ ಅಣ್ಣ ಎಂದ. ಕಾರ್ಬುರೇಟರ್ ಬಿಚ್ಚಿ ತೊಳೆದು ಕೊಟ್ಟೆ. ಹಳೇ ಗಾಡಿ, ಇಷ್ಟು ಓಡಿದ್ದೇ ಪುಣ್ಯ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಆಸರೆ ನಿಲ್ಲಿಸುವುದು ಎಷ್ಟು ಸಲೀಸು ಎಂದು ಆಗ ಅನ್ನಿಸಲಿಲ್ಲ, ಈಗ ಅನ್ನಿಸುತ್ತಿದೆ.

ಆರು ತಿಂಗಳು ಕಳೆದಿರಬೇಕು. ನಮ್ಮ ಓಣಿಯ ಭಜನಾ ಮಂಡಳಿಯ ಪೇಟಿಯಲ್ಲಿ ಎರಡು ಸ್ವರ ಬೇಸೂರಾಗಿದ್ದವು. ಹರಿಹರದ ಅಜ್ಜ ನಿನಗೆ ಗುರುತಲ್ಲೇನು, ನೀನೇ ಒಯ್ದು ಕೊಡು ಎಂದು ನನ್ನ ಕೈಗೆ ಕೊಟ್ಟರು. ಭಾನುವಾರ ಬೆಳಿಗ್ಗೆ ಒಯ್ದೆ. ಮನೆಯ ಪಡಸಾಲೆಯಲ್ಲಿ ಅಜ್ಜನ ಹೆಂಡತಿ, ಎಪ್ಪತ್ತು ದಾಟಿದ ಅಜ್ಜಿ, ಟೀವಿ ನೋಡುತ್ತಾ ಕೂತಿದ್ದಳು. ಟೀವಿಯ ಸದ್ದು ಬೀದಿಗೆ ಕೇಳುತ್ತಿತ್ತು. ಅಜ್ಜ ಹೊರಗೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು.

"ಬಾರಪ್ಪ, ಕೂಡು" ಎಂದರು. ಪೇಟಿ ನೋಡಿ ಕೈ ಅಡ್ಡ ಆಡಿಸಿದರು. "ಬಿಟ್ಟೆ ತಮ್ಮಾ. ಕಿವಿ ಹೋದ ಮ್ಯಾಲೆ ಜನರ ಪೇಟಿ ಮುಟ್ಟಬಾರ್ದು."

"ಯಾರ್ ಹೇಳಿದ್ರಿ ಕಿವಿ ಹೋಗೈತೆ ಅಂತ?" ಎಂದೆ.

"ನೀನಾ ಹೇಳಿದ್ದಲ್ಲಪ್ಪ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ಮಗನೂ ಹೇಳ್ತಿರ್ಲಿಲ್ಲ, ಮಂಡಳಿಯೋರೂ ಹೇಳ್ತಿರ್ಲಿಲ್ಲ. ವಯಸ್ಸಾದೋರು ಅಂತ ಸುಮ್ನಿದ್ರು ಕಾಣ್ತೈತೆ. ನೀನು ಕಿವಿಮ್ಯಾಲೆ ಬದುಕೋನು, ನಿನಗ ಗೊತ್ತಾತು. ಮುಖದ ಮ್ಯಾಲೆ ಹೇಳ್ದಿ. ಪುಣ್ಯ ಕಟ್ಟಿಕೊಂಡಿ."

ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳಿದೆ. ತೋರಿಸಿದ್ದರು. ಈ ವಯಸ್ಸಿಗೆ ಇಷ್ಟಿದ್ದರೆ ಸಾಕು ಎಂದಿದ್ದರಂತೆ. "ಮಾತು ಕೇಳಾಕ ಸಾಕು ಅಂತ. ಪೇಟಿಗೆ ಸಾಕೇನು ಅಂತ ಅವರಿಗೆ ಹೆಂಗ ಗೊತ್ತಾಕೈತೆ?" ಎಂದರು ಅಜ್ಜ.

ಆಮೇಲೆ ಅವರೇ ಹೇಳಿದರು. ನನ್ನ ಗ್ಯಾರೇಜಿಗೆ ಬಂದು ಹೋದ ವಾರದಲ್ಲೇ ಕಡರನಾಯಕನಹಳ್ಳಿಯ ಮಂಡಳಿಯವರ ಪೇಟಿ ಬಂದಿತ್ತು. ಬಹಳ ಹಳೆಯ ಪೇಟಿ, ಅಂಥ ರೀಡುಗಳು ಈಗ ಸಿಗುವುದಿಲ್ಲ. ನಡುವಿನ ಪಂಚಮ ಒಂದೆಳೆ ಇಳಿದಿತ್ತು. ಕೆರೆದರು, ಕೂಡಿತು ಅನ್ನಿಸಿತು. ಆದರೆ ತನ್ನ ಕಿವಿ ಕೆಟ್ಟಿದೆಯಲ್ಲ, ಇದು ಕೂಡಿದೆ ಎಂದು ನಂಬುವುದು ಹೇಗೆ? ಮತ್ತೆ ಕೆರೆದರು. ಈಗ ಹೆಚ್ಚಾಯಿತು ಅನ್ನಿಸಿತು, ಬುಡದಲ್ಲಿ ಕೆರೆದರು. ಮೂರು ದಿನ ಹೀಗೇ ತುದಿ, ಬುಡ, ತುದಿ, ಬುಡ. ರೀಡು ಕಾಗದದಷ್ಟು ತೆಳ್ಳಗಾಗಿ ಬುಡದಲ್ಲಿ ಪಟ್ಟೆಂದು ಮುರಿಯಿತು. ಪೇಟಿಯನ್ನು ಹಾಗೇ ವಾಪಸ್ಸು ಕೊಟ್ಟು, ಅರಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರಂತೆ.

ನಾನು ಅಲ್ಲಿ ಕೂತು ಇದನ್ನೆಲ್ಲ ಕೇಳಿದೆ, ಅಜ್ಜಿ ಕೊಟ್ಟ ಚಹಾವನ್ನೂ ಕುಡಿದೆ. ನಿಜ ಹೇಳಲಿಲ್ಲ. ಪೇಟಿ ಎತ್ತಿಕೊಂಡು ಬಂದೆ. ಇದು ನನ್ನ ಇನ್ನೊಂದು ತಪ್ಪು. ಹಿಂದಿನವುಗಳಿಗಿಂತ ಇದಕ್ಕೇ ನನಗೆ ಹೆಚ್ಚು ನಾಚಿಕೆ.

ಒಂದು ವಾರ ಊಟ ಸೇರಲಿಲ್ಲ. ಹೆಂಡತಿಗೆ ಹೇಳಿದೆ. ಅವಳು ತಟ್ಟೆ ಕೆಳಗಿಟ್ಟು, "ಮಾತಾಡಿದ್ರ ಹೋತು, ಮುತ್ತು ಒಡೆದ್ರ ಹೋತು. ನೀವು ಎರಡನ್ನೂ ಕಳೆದ್ರಿ. ಈಗ ನನ್ ಮುಂದ ಕುಂತು ಅತ್ರೆ ಆ ಅಜ್ಜಗೇನು ಬಂತು?" ಎಂದಳು.

ಮುಂದಿನ ಭಾನುವಾರ ಸ್ಪ್ಯಾನರುಗಳ ಪೆಟ್ಟಿಗೆ ಕಟ್ಟಿಕೊಂಡು ಹರಿಹರಕ್ಕೆ ಹೋದೆ. ಮಗನೂ ಮನೆಯಲ್ಲಿದ್ದ. ಅವನ ಮುಂದೆಯೇ ಅಜ್ಜನಿಗೆ ಎಲ್ಲ ಹೇಳಿದೆ. ಬೆಲ್ಟು ಒಂದು ಹಲ್ಲು ತಪ್ಪಿದ್ದು ನನ್ನಿಂದ, ಡಿಸ್ಟ್ರಿಬ್ಯೂಟರ್ ತಿರುಗಿಸಿ ಮುಚ್ಚಿಟ್ಟೆ, ನಿಮಗೆ ಕೇಳಿಸಿದ್ದು ನಿಜ, ನಾನೇ ಸುಳ್ಳ ಎಂದೆ. ಅಜ್ಜ ಕೇಳಿದರು. ಕೇಳಿ, ನನ್ನ ಭುಜ ತಟ್ಟಿದರು.

"ಮುದುಕ ನೊಂದ್ಕಂಡ ಅಂತ ಸಮಾಧಾನಕ್ಕ ಹೇಳಾಕ ಬಂದೀಯ. ದೊಡ್ಡ ಮನಸ್ಸಪ್ಪ ನಿಂದು. ಇರ್ಲಿ ಬಿಡು."

ಸುಳ್ಳನ್ನು ಒಂದೇ ಮಾತಿಗೆ ನಂಬಿದ್ದರು, ನಿಜವನ್ನು ನಂಬಲಿಲ್ಲ. ನನಗೆ ಅಳು ಬಂತು, ಜೊತೆಗೆ ನನ್ನ ಹಳೇ ಸಿಟ್ಟೂ ಬಂತು. "ಸಮಾಧಾನನೂ ಇಲ್ಲ, ಎಂಥದೂ ಇಲ್ಲ. ಇಲ್ಲೇ ಕೂಡ್ರಿ. ಆ ಕಡೆ ಮುಖ ಮಾಡ್ರಿ" ಎಂದು ಕೂಗಿಬಿಟ್ಟೆ.

ಅಂಗಳದಲ್ಲೇ ಕವರು ಬಿಚ್ಚಿದೆ. ಮೇಲಿನ ಗಾಲಿಯ ಗುರುತು ಒಂದು ಹಲ್ಲು ಹಿಂದೆ ಇತ್ತು. ಮಗನನ್ನು ಕರೆದು ತೋರಿಸಿದೆ. ಬೆಲ್ಟು ಸಡಿಲಿಸಿ, ಗುರುತು ಕೂಡಿಸಿ, ಬಿಗಿ ಮಾಡಿ, ಈ ಸಲ ಕೈಯಿಂದ ಎರಡು ಸುತ್ತು ತಿರುಗಿಸಿ, ಡಿಸ್ಟ್ರಿಬ್ಯೂಟರಿನ ಬೋಲ್ಟನ್ನು ಆ ಹಳೇ ಹೊಳಪಿನ ಮೇಲೆ ತಂದು ಚಾಲೂ ಮಾಡಿದೆ. ಅಜ್ಜ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಉಸಿರು ಒಳಗ ನಿಂತೈತೆ, ಹೊಳ್ಳಿ ಹೋಗವಲ್ದು" ಎಂದರು. ಆಮೇಲೆ ತಾವೇ, "ನನಗ ಹಂಗ ಕೇಳಸ್ತೈತಪ್ಪ, ಖರೇನೋ ಸುಳ್ಳೋ" ಎಂದರು.

ನಿಲ್ಲಿಸಿದೆ. ಮತ್ತೆ ಬಿಚ್ಚಿ, ಬೇಕೆಂದೇ ಒಂದು ಹಲ್ಲು ಹಿಂದೆ ಹಾಕಿದೆ. ಜೀವನದಲ್ಲಿ ಮೊದಲ ಸಲ ತಪ್ಪನ್ನು ಗುರುತು ಹಿಡಿದು, ಜೋಪಾನವಾಗಿ ಮಾಡಿದ್ದು. ಕಿಡಿ ಸರಿಮಾಡಿ ಚಾಲೂ ಮಾಡಿದೆ. "ಹಿಂದ ಬಿತ್ತು" ಎಂದರು. ಮೂರನೆಯ ಸಲ ಸ್ಪ್ಯಾನರು ಸುಮ್ಮನೆ ಟಣ್ ಟಣ್ ಎಂದು ಬಡಿದು ಸದ್ದು ಮಾಡಿ, ಏನನ್ನೂ ಮುಟ್ಟದೆ ಚಾಲೂ ಮಾಡಿದೆ. ಅಜ್ಜ ಕತ್ತು ವಾಲಿಸಿ ಕೇಳಿದರು. "ಏನೂ ಮಾಡಿಲ್ಲ ನೀನು. ಹಂಗಾ ಐತೆ." ನಾಲ್ಕನೆಯ ಸಲ ಸರಿ ಮಾಡಿದೆ. ಅವರು ಬಾಯಿ ತೆರೆಯುವ ಮೊದಲೇ ಮಗ, "ಅಪ್ಪಾ, ಸಾಕು" ಎಂದ. ಅವನ ಕಣ್ಣು ತುಂಬಿದ್ದವು. "ಟೀವಿ ಜೋರು ಇಡೋದು ಅವ್ವನ ಸಲುವಾಗಿ. ನನಗ ಗೊತ್ತಿತ್ತು. ಅವತ್ತು ಸುಮ್ನ ನಗಾಕ ಅಂದೆ" ಎಂದ.

ಅಜ್ಜನ ಮುಖ ಅರಳುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಈ ಕಡೆ ತಿರುಗಿ ತಮ್ಮ ಬಲಗೈ ಬೆರಳುಗಳನ್ನೇ ನೋಡುತ್ತಾ ಕೂತರು.

"ಹಂಗಾದ್ರ ಆ ಪಂಚಮ ಮೊದಲ್ನೇ ಸಲಾನೇ ಕೂಡಿತ್ತು" ಎಂದರು.

ನಾನು ಅವರ ಕಾಲು ಮುಟ್ಟಲು ಬಾಗಿದೆ. ಅವರು ಕಾಲು ಹಿಂದಕ್ಕೆ ತೆಗೆದುಕೊಂಡರು. "ಕಾಲು ಬ್ಯಾಡ. ನಾಲ್ಕು ಜನರ ಮುಂದ ಅಂದ ಮಾತು ಅದು. ನಾಲ್ಕು ಜನರ ಮುಂದಾನೇ ವಾಪಸ್ ತಗಾ" ಎಂದರು.

ತೆಗೆದುಕೊಂಡೆ. ಆ ನಾಲ್ಕು ಗಿರಾಕಿಗಳ ಮನೆಮನೆಗೆ ಹೋಗಿ ಹೇಳಿದೆ. ಕಡರನಾಯಕನಹಳ್ಳಿಗೆ ಹೋಗಿ, ಭಜನೆಗೆ ಕೂತಿದ್ದ ಇಡೀ ಮಂಡಳಿಯ ಮುಂದೆ ನಿಂತು, ನಿಮ್ಮ ಪೇಟಿ ಕೆಟ್ಟದ್ದು ಅಜ್ಜನ ಕೈಯಿಂದಲ್ಲ, ನನ್ನ ಬಾಯಿಂದ ಎಂದೆ. ಒಬ್ಬರು ಬೈದರು, ಉಳಿದವರು ನೆಲ ನೋಡಿದರು. ಬೈದವರೇ ವಾಸಿ ಅನ್ನಿಸಿತು. ಅಜ್ಜ ಅಟ್ಟದಿಂದ ಅರ ಇಳಿಸಿದರು. ಈಗ ಮತ್ತೆ ಪೇಟಿಗಳು ಬರುತ್ತಿವೆ. ಅವರ ಮಗ ತನ್ನ ಕಾರನ್ನು ಬೇರೆ ಗ್ಯಾರೇಜಿಗೆ ಒಯ್ಯುತ್ತಾನೆ. ನಾನಾಗಿದ್ದರೂ ಹಾಗೇ ಮಾಡುತ್ತಿದ್ದೆ.

ಕಳೆದ ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಹೋಗಿದ್ದೆ. ಹೊಳೆಯ ದಂಡೆಯಲ್ಲಿ ಕಡರನಾಯಕನಹಳ್ಳಿಯವರು ಭಜನೆ ಮಾಡುತ್ತಿದ್ದರು, ಅದೇ ಪೇಟಿ. ಮುರಿದ ಪಂಚಮದ ಜಾಗದಲ್ಲಿ ಅಜ್ಜ ಬೇರೆ ರೀಡು ಕೂಡಿಸಿದ್ದರು. ಅವರೂ ಅಲ್ಲೇ ಕೂತಿದ್ದರು. ಪಕ್ಕದಲ್ಲಿ ಕೂಡಲು ಜಾಗ ತೋರಿಸಿದರು, ಕೂತೆ. ಹಾಡು ಆ ಸ್ವರಕ್ಕೆ ಬಂದು ಬಂದು ಹೋಗುತ್ತಿತ್ತು. ಜನ ತಲೆದೂಗುತ್ತಿದ್ದರು. ಹಾಡು ಮುಗಿದಾಗ ಮಂಡಳಿಯ ಹಿರಿಯರು, "ಹೊಸಾದು ಅಂತ ಗೊತ್ತಾಗಲ್ಲ ನೋಡ್ರಿ, ಚಲೋ ಕೂಡೈತೆ" ಎಂದರು. ಅಜ್ಜ ನನ್ನ ಕಡೆ ತಿರುಗಿದರು.

"ನೀ ಹೇಳಪ್ಪ. ಹೆಂಗೈತೆ?"

ಚಲೋ ಐತ್ರಿ ಎಂಬ ಮಾತು ನಾಲಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ.

"ಸ್ವರ ಕೂಡೈತ್ರಿ ಅಜ್ಜಾರ. ದನಿ ಬ್ಯಾರೆ ಐತೆ. ಮೊದಲಿಂದು ಬರಂಗಿಲ್ಲ."

"ಹ್ಞೂಂ" ಎಂದರು ಅಜ್ಜ. "ಬರಂಗಿಲ್ಲ."